ಕ್ಯಾನ್ಸರ್ ನೋವಿಗೆ ಮಾರ್ಫಿನ್: ಟ್ರಮಡಾಲ್ ಸಾಲದಾದಾಗ ಮನೆಯಲ್ಲಿ ಶುರು ಮಾಡುವುದು ಹೇಗೆ?

ಹೋಂಕೇರ್_ಗೋಣಿಕೊಪ್ಪ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಪಾಲಿಬೆಟ್ಟದ ಕಡೆ ಎಸ್ಟೇಟ್ ಲೈನ್ ಮನೆಯಲ್ಲಿರುವ ಒಬ್ಬರು ರೋಗಿಯ ಬಗ್ಗೆ ಕೇಳಬೇಕಿತ್ತು. ಹೆಂಗಸು, ವಯಸ್ಸು 64, ತೂಕ 43 ಕೆ.ಜಿ. ಸ್ತನ ಕ್ಯಾನ್ಸರ್ ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹರಡಿದೆ. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ 1.1, ಲಿವರ್ ರಿಪೋರ್ಟ್ ಸರಿಯಿದೆ. ಟ್ರಮಡಾಲ್ 50 ಮಿ.ಗ್ರಾಂ. ದಿನಕ್ಕೆ ನಾಲ್ಕು ಸಲ, ಪ್ಯಾರಾಸಿಟಮಾಲ್ 650 ಮೂರು ಸಲ ನಡೆಯುತ್ತಿದೆ. ಇದಲ್ಲದೆ ವಾರಕ್ಕೆ ಎರಡು ಮೂರು ಸಲ ಹತ್ತಿರದ ಕ್ಲಿನಿಕ್‌ನಲ್ಲಿ ಡೈಕ್ಲೊಫೆನಾಕ್ ಇಂಜೆಕ್ಷನ್. ಇಷ್ಟಾದರೂ ಹತ್ತಕ್ಕೆ ಏಳೋ ಎಂಟೋ ನೋವು ಅನ್ನುತ್ತಾರೆ.

ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮಾರ್ಫಿನ್ 10 ಮಿ.ಗ್ರಾಂ. ಮಾತ್ರೆ ಕೊಟ್ಟು, ಅರ್ಧ ಮಾತ್ರೆ ನಾಲ್ಕು ಗಂಟೆಗೊಮ್ಮೆ ಎಂದು ಬರೆದಿದ್ದಾರೆ. ಮನೆಯವರು ಹೆದರಿ, ನೋವು ತಡೆಯಲಾಗದಾಗ ಮಾತ್ರ ಒಂದು ಪೂರ್ತಿ ಮಾತ್ರೆ ಕೊಟ್ಟಿದ್ದಾರೆ. ಎರಡು ಸಲ ವಾಂತಿಯಾಗಿದೆ, ಒಂದು ರಾತ್ರಿ ಕೊಟ್ಟದ್ದಕ್ಕೆ ಮರುದಿನ ಮಧ್ಯಾಹ್ನದವರೆಗೂ ಮಂಪರು. ಈಗ ನಿಲ್ಲಿಸಿಬಿಟ್ಟಿದ್ದಾರೆ. ಮಗ "ಇದು ಕೊನೆಗಾಲದ ಔಷಧಿಯಲ್ವಾ, ಈಗಲೇ ಯಾಕೆ" ಅಂತಾರೆ. ಮನೆಯಲ್ಲಿ ಕುಡಿತದ ಅಭ್ಯಾಸ ಇರುವ ಒಬ್ಬರಿದ್ದಾರೆ, ಮಾತ್ರೆ ಅವರ ಕೈಗೆ ಸಿಕ್ಕರೆ ಎಂಬ ಭಯವೂ ಇದೆ. "ಮಾತ್ರೆ ಬೇಡ, ಚರ್ಮಕ್ಕೆ ಅಂಟಿಸುವ ನೋವಿನ ಪ್ಯಾಚ್ ಹಾಕಿಸಿ" ಎಂದು ಯಾರೋ ಹೇಳಿದ್ದಾರಂತೆ.

ಟ್ರಮಡಾಲನ್ನೇ 400 ಮಿ.ಗ್ರಾಂ.ವರೆಗೆ ಏರಿಸಿ ನೋಡಬೇಕೇ, ಅಥವಾ ಮಾರ್ಫಿನ್ ಮತ್ತೆ ಶುರು ಮಾಡಿಸಬೇಕೇ? ಈ ವಿಷಯದಲ್ಲಿ ಅಧ್ಯಯನಗಳು ಏನು ಹೇಳುತ್ತವೆ? ಮಳೆಗಾಲದಲ್ಲಿ ರಸ್ತೆ ಬಂದ್ ಆದರೆ ಮಾತ್ರೆಗೆ ಏನು ಮಾಡುವುದು ಎಂಬುದನ್ನೂ ತಿಳಿದವರು ಹೇಳಿ.

ಪ್ಯಾಲಿಯೇಟಿವ್_ಡಾಕ್ಟರ್_ಮೈಸೂರು

ಅಕ್ಕ, ಮೊದಲು ಕಿಡ್ನಿ ನೋಡೋಣ. ಕ್ರಿಯಾಟಿನಿನ್ 1.1 ಎಂದರೆ ರಿಪೋರ್ಟಿನಲ್ಲಿ ನಾರ್ಮಲ್ ಎಂದೇ ಇರುತ್ತದೆ. ಆದರೆ ವಯಸ್ಸು 64, ತೂಕ 43, ಹೆಂಗಸು ಎಂದು ಕಾಕ್‌ಕ್ರಾಫ್ಟ್ ಸೂತ್ರಕ್ಕೆ ಹಾಕಿದರೆ ಕ್ಲಿಯರೆನ್ಸ್, ಅಂದರೆ ಕಿಡ್ನಿ ರಕ್ತ ಸೋಸುವ ವೇಗ, ನಿಮಿಷಕ್ಕೆ ಸುಮಾರು 35 ಮಿ.ಲೀ. ಮಾತ್ರ ಬರುತ್ತದೆ. ಮಾಂಸಖಂಡ ಕರಗಿದವರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆ, ಹಾಗಾಗಿ ಅಂಕಿ ಚೆನ್ನಾಗಿ ಕಂಡರೂ ಕಿಡ್ನಿ ಚೆನ್ನಾಗಿರುವುದಿಲ್ಲ. ಮಾರ್ಫಿನ್ ಲಿವರ್‌ನಲ್ಲಿ ಒಡೆದು ಆಗುವ ಎಂ6ಜಿ, ಎಂ3ಜಿ ಎಂಬ ಅಂಶಗಳು ಹೊರಹೋಗಬೇಕಾದದ್ದು ಕಿಡ್ನಿಯಿಂದಲೇ. ಎಂ6ಜಿ ಉಳಿದುಕೊಂಡರೆ ಮಂಪರು, ಉಸಿರಾಟ ನಿಧಾನ. ಎಂ3ಜಿ ಉಳಿದರೆ ಮೈ ಅದುರುವುದು, ಬಡಬಡಿಕೆ. ಆ ಮಂಪರು ಮರುದಿನ ಮಧ್ಯಾಹ್ನದವರೆಗೆ ಎಳೆದದ್ದಕ್ಕೆ ಇದೊಂದು ಕಾರಣ. ಜೊತೆಗೆ ಟ್ರಮಡಾಲ್ ಕೂಡ ನಡೆಯುತ್ತಲೇ ಇತ್ತು, ಕೊಟ್ಟ ಡೋಸ್ ಬರೆದದ್ದರ ಎರಡರಷ್ಟು.

ಆದ್ದರಿಂದ ಮೊದಲ ಕೆಲಸ ಡೈಕ್ಲೊಫೆನಾಕ್ ನಿಲ್ಲಿಸುವುದು. ಇಂಜೆಕ್ಷನ್ ಎಂದರೆ ಮಾತ್ರೆಗಿಂತ ಬಲ ಜಾಸ್ತಿ ಎಂಬ ನಂಬಿಕೆ ನಮ್ಮ ಜನರಲ್ಲಿ ಗಟ್ಟಿಯಾಗಿದೆ. ಈ ರೋಗಿಗೆ ಅದು ಕಿಡ್ನಿಯನ್ನು ಇನ್ನಷ್ಟು ಕೆಡಿಸಿ, ಮಾರ್ಫಿನ್ ದೇಹದಲ್ಲಿ ನಿಲ್ಲುವ ಹಾಗೆ ಮಾಡುತ್ತದೆ. ಮೂಳೆ ಬಲಪಡಿಸುವ ಜೊಲೆಡ್ರೋನಿಕ್ ಆಸಿಡ್ ಡ್ರಿಪ್ ಹಾಕುವ ಯೋಚನೆ ಇದ್ದರೆ ಅಲ್ಲೂ ಇದೇ ಕಿಡ್ನಿ ಲೆಕ್ಕ ಅಡ್ಡ ಬರುತ್ತದೆ.

ಟ್ರಮಡಾಲ್ ಏರಿಸಬೇಕೇ ಎಂದು ಕೇಳಿದ್ದೀರಿ. ಬೇಡ ಎನ್ನುವುದೇ ನನ್ನ ಅಭಿಪ್ರಾಯ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಮೂರು ಮೆಟ್ಟಿಲಿನ ಏಣಿಯಲ್ಲಿ ಎರಡನೆಯದು ಕೊಡೀನ್, ಟ್ರಮಡಾಲ್‌ನಂಥ ದುರ್ಬಲ ಓಪಿಯಾಯ್ಡ್‌ಗಳದ್ದು (ಮಾರ್ಫಿನ್ ಜಾತಿಯ ನೋವಿನ ಔಷಧಗಳು). ಈ ಮೆಟ್ಟಿಲು ನಿಜಕ್ಕೂ ಬೇಕೇ ಎಂದು ನೋಡಿದ ಇಟಲಿಯ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮಧ್ಯಮ ನೋವಿನ 240 ಕ್ಯಾನ್ಸರ್ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ದುರ್ಬಲ ಓಪಿಯಾಯ್ಡ್, ಇನ್ನೊಂದಕ್ಕೆ ಕಡಿಮೆ ಡೋಸಿನ ಮಾರ್ಫಿನ್ ಕೊಟ್ಟು 28 ದಿನ ನೋಡಿದರು. ನೋವು ಕನಿಷ್ಠ ಶೇ. 20 ಇಳಿದವರು ಮಾರ್ಫಿನ್ ಗುಂಪಿನಲ್ಲಿ ಶೇ. 88.2, ದುರ್ಬಲ ಔಷಧದ ಗುಂಪಿನಲ್ಲಿ ಶೇ. 57.7. ಅಡ್ಡ ಪರಿಣಾಮಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಇದು ಎರಡೂ ಕಡೆಯವರಿಗೆ ಯಾವ ಔಷಧ ಎಂದು ಗೊತ್ತಿದ್ದ ಅಧ್ಯಯನ ಎಂಬುದನ್ನು ಮರೆಯಬಾರದು. 2022ರಲ್ಲಿ ಬಂದ ಇನ್ನೊಂದು ಅಧ್ಯಯನದಲ್ಲಿ, ಎರಡನೇ ಮೆಟ್ಟಿಲು ಬಿಟ್ಟವರಿಗೂ ಬಿಡದವರಿಗೂ ನೋವು ಹಿಡಿತಕ್ಕೆ ಬಂದ ಸಮಯದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮೆಟ್ಟಿಲು ಬಿಟ್ಟರೆ ಪವಾಡವಾಗುತ್ತದೆ ಎಂದಲ್ಲ, ಬಿಡುವುದರಿಂದ ನಷ್ಟವಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ವಿಶ್ವ ಆರೋಗ್ಯ ಸಂಸ್ಥೆಯ 2018ರ ಪರಿಷ್ಕೃತ ಮಾರ್ಗಸೂಚಿಯೂ ನೋವಿನ ತೀವ್ರತೆ ನೋಡಿ ಬಲವಾದ ಔಷಧದಿಂದಲೇ ಶುರು ಮಾಡಬಹುದು ಎನ್ನುತ್ತದೆ. ಹತ್ತಕ್ಕೆ ಎಂಟು ನೋವಿರುವವರನ್ನು ಟ್ರಮಡಾಲ್‌ನಲ್ಲಿ ಇನ್ನೂ ಎರಡು ವಾರ ಕಾಯಿಸುವುದು ಅನ್ಯಾಯ. ಸಾಲದ್ದಕ್ಕೆ ಟ್ರಮಡಾಲ್ ಡೋಸ್ ಏರಿದಷ್ಟೂ ಫಿಟ್ಸ್ ಬರುವ ಅಪಾಯ ಏರುತ್ತದೆ, ಕಿಡ್ನಿ ಕುಗ್ಗಿದವರಲ್ಲಿ ಇನ್ನೂ ಹೆಚ್ಚು.

ಇನ್ನು ಮತ್ತೆ ಶುರು ಮಾಡುವ ಬಗೆ. ಬರೆದುಕೊಟ್ಟ ವೈದ್ಯರಿಗೆ ಫೋನ್ ಮಾಡಿ, ಕಿಡ್ನಿ ಲೆಕ್ಕ ಹೇಳಿ, ಒಪ್ಪಿಗೆ ಪಡೆದೇ ಇದನ್ನು ಮಾಡಿ. ಬಾಯಿಂದ ತೆಗೆದುಕೊಳ್ಳುವ ಟ್ರಮಡಾಲ್ 200 ಮಿ.ಗ್ರಾಂ. ಎಂದರೆ ಸುಮಾರು 20 ಮಿ.ಗ್ರಾಂ. ಮಾರ್ಫಿನ್‌ಗೆ ಸಮ. ಕಿಡ್ನಿ ಸರಿಯಿದ್ದವರಿಗಾಗಿದ್ದರೆ ನಾಲ್ಕು ಗಂಟೆಗೆ 5 ಮಿ.ಗ್ರಾಂ. ಎಂದು ನಾನೂ ಬರೆಯುತ್ತಿದ್ದೆ. ಇವರಿಗೆ 2.5 ಮಿ.ಗ್ರಾಂ.ನಿಂದ ಶುರು ಮಾಡುವುದು ಕ್ಷೇಮ. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ 2.5, ರಾತ್ರಿ 10ಕ್ಕೆ ಎರಡು ಪಟ್ಟು ಅಂದರೆ 5. ನಡುರಾತ್ರಿ 2ಕ್ಕೆ ಎಬ್ಬಿಸುವುದು ಬೇಡ. ದಿನಕ್ಕೆ ಒಟ್ಟು 15 ಮಿ.ಗ್ರಾಂ. ನಡುವೆ ನೋವು ಎದ್ದರೆ ಒಂದು ಹೆಚ್ಚುವರಿ 2.5, ಕೊಟ್ಟು ಒಂದು ಗಂಟೆ ಕಾಯಿರಿ. ಈ ಮಾತ್ರೆ ಕೆಲಸ ಶುರು ಮಾಡಲು ಅರ್ಧ ಗಂಟೆ, ಪೂರ್ತಿ ಹತ್ತಲು ಒಂದು ಗಂಟೆ ಬೇಕು. ಹೆಚ್ಚುವರಿ ಕೊಟ್ಟರೂ ಮುಂದಿನ ಹೊತ್ತಿನ ಡೋಸ್ ತಪ್ಪಿಸಬಾರದು, ರೋಗಿ ಎಚ್ಚರವಾಗಿ ಮಾತಾಡುತ್ತಿದ್ದರೆ ಕೊಡಲೇಬೇಕು. ಟ್ರಮಡಾಲ್ ಅದೇ ದಿನ ನಿಲ್ಲಿಸಿ. ಪ್ಯಾರಾಸಿಟಮಾಲ್ ಇರಲಿ.

10 ಮಿ.ಗ್ರಾಂ. ಮಾತ್ರೆಯನ್ನು ಕಾಲುಭಾಗ ಮಾಡಲು ಮಾತ್ರೆ ಕತ್ತರಿಸುವ ಪುಟ್ಟ ಡಬ್ಬಿ ಔಷಧಿ ಅಂಗಡಿಗಳಲ್ಲಿ ಸಿಗುತ್ತದೆ. ಇಲ್ಲವಾದರೆ ಒಂದು ಮಾತ್ರೆಯನ್ನು 10 ಮಿ.ಲೀ. ನೀರಿನಲ್ಲಿ ಕದಡಿ, ಅಲ್ಲಾಡಿಸಿ, ಸೂಜಿಯಿಲ್ಲದ ಸಿರಿಂಜಿನಲ್ಲಿ 2.5 ಮಿ.ಲೀ. ಎಳೆದುಕೊಡಿ. ಉಳಿದದ್ದನ್ನು ಇಟ್ಟುಕೊಳ್ಳಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಎಸ್‌ಆರ್ ಮಾತ್ರೆಯನ್ನು ಮಾತ್ರ ಯಾವತ್ತೂ ಪುಡಿ ಮಾಡಬಾರದು, ಹನ್ನೆರಡು ಗಂಟೆಯ ಔಷಧ ಒಮ್ಮೆಗೇ ಮೈಗೆ ಬಿಡುಗಡೆಯಾಗುತ್ತದೆ.

ಪೂರ್ತಿ ಒಂದು ದಿನದ ಲೆಕ್ಕ ನೋಡದೆ ಡೋಸ್ ಏರಿಸಬೇಡಿ. ಉದಾಹರಣೆಗೆ 15 ಮಿ.ಗ್ರಾಂ. ನಿಯಮಿತ, ಜೊತೆಗೆ ಮೂರು ಹೆಚ್ಚುವರಿ ಡೋಸ್ ಬೇಕಾಯಿತು ಎಂದರೆ ಒಟ್ಟು 22.5 ಆಯಿತು. ಅದನ್ನು ಆರರಿಂದ (ರಾತ್ರಿಯ ಡೋಸ್ ಎರಡು ಪಾಲು) ಭಾಗಿಸಿದರೆ 3.75. ಕತ್ತರಿಸಲು ಆಗದ ಅಳತೆ ಅದು, ನೀರಿನಲ್ಲಿ ಕದಡಿದರೆ 3.75 ಮಿ.ಲೀ. ಸುಲಭವಾಗಿ ಬರುತ್ತದೆ. ಒಂದು ಸಲಕ್ಕೆ ಮೂರನೇ ಒಂದರಿಂದ ಅರ್ಧದಷ್ಟು ಏರಿಕೆ ಸಾಕು. ನೋವು ಇಳಿಯದೆ ನಿದ್ದೆ ಮಾತ್ರ ಜಾಸ್ತಿಯಾಗುತ್ತಿದ್ದರೆ ಮಾರ್ಫಿನ್ ಏರಿಸುವುದು ದಾರಿಯಲ್ಲ, ಬೇರೆ ಕಾರಣ ಹುಡುಕಬೇಕು.

ವಾಂತಿ ಬರುವುದು ಸಾಮಾನ್ಯವಾಗಿ ಮೊದಲ ಐದಾರು ದಿನ. ಆ ವಾರ ವಾಂತಿ ತಡೆಯುವ ಮೆಟೊಕ್ಲೊಪ್ರಮೈಡ್ ಊಟಕ್ಕೆ ಅರ್ಧ ಗಂಟೆ ಮೊದಲು ಮೂರು ಹೊತ್ತು. ವಾಡಿಕೆಯ 10ರ ಬದಲು ಇವರಿಗೆ 5 ಮಿ.ಗ್ರಾಂ. ಸಾಕು, ಅದೂ ಕಿಡ್ನಿಯಿಂದಲೇ ಹೋಗುವ ಔಷಧ. ಹೊಟ್ಟೆ ಉಬ್ಬಿ, ನುಲಿಯುವ ನೋವಿದ್ದರೆ, ಅಂದರೆ ಕರುಳು ಕಟ್ಟಿರುವ ಅನುಮಾನವಿದ್ದರೆ ಕೊಡಬೇಡಿ. ವಾಂತಿಗೇ ಕೊಡುವ ಒಂಡಾನ್ಸೆಟ್ರಾನ್ ಎಲ್ಲರ ಮನೆಯಲ್ಲೂ ಇರುತ್ತದೆ, ಆದರೆ ಅದು ಮಲಬದ್ಧತೆ ಹೆಚ್ಚಿಸುತ್ತದೆ. ಮಂಪರಿಗೂ ವಾಂತಿಗೂ ದೇಹ ಒಗ್ಗುತ್ತದೆ, ಮಲಬದ್ಧತೆಗೆ ಎಂದೂ ಒಗ್ಗುವುದಿಲ್ಲ. ಹಾಗಾಗಿ ಮಾರ್ಫಿನ್ ಶುರುವಾದ ರಾತ್ರಿಯೇ ಮಲ ಸಡಿಲಿಸುವ ಬಿಸಾಕೊಡಿಲ್ 10 ಮಿ.ಗ್ರಾಂ. ಶುರುವಾಗಬೇಕು, ಮಾರ್ಫಿನ್ ಇರುವವರೆಗೂ ನಡೆಯಬೇಕು. ಇಸಬ್ಗೋಲ್ ಬೇಡ. ಮಳೆಯ ಚಳಿಯಲ್ಲಿ ಇವರು ನೀರು ಕುಡಿಯುವುದೇ ಕಡಿಮೆ, ನೀರಿಲ್ಲದ ಇಸಬ್ಗೋಲ್ ಕರುಳಿನಲ್ಲೇ ಗಟ್ಟಿಯಾಗುತ್ತದೆ. ಮೂರು ದಿನ ಮಲವಾಗದೆ ನಂತರ ನೀರಿನಂತೆ ಸೋರಿದರೆ ಅದನ್ನು ಭೇದಿ ಎಂದು ತಿಳಿದು ಭೇದಿ ನಿಲ್ಲಿಸುವ ಲೋಪೆರಮೈಡ್ ಕೊಡುವವರಿದ್ದಾರೆ. ಗಟ್ಟಿ ಮಲದ ಪಕ್ಕದಿಂದ ಸೋರುವ ನೀರು ಅದು. ಗ್ಲೌಸ್ ಹಾಕಿ ಬೆರಳಿಟ್ಟು ಪರೀಕ್ಷಿಸಿ, ಸಪೊಸಿಟರಿ (ಗುದದಲ್ಲಿಡುವ ಮಾತ್ರೆ) ಇಡಿ.

ಮೂಳೆಯ ನೋವಿಗೆ ರೇಡಿಯೇಷನ್ ಕೇಳಿದ್ದಾರೆಯೇ? ಒಂದೇ ದಿನದ 8 ಗ್ರೇ (ರೇಡಿಯೇಷನ್ ಅಳತೆ), ಹತ್ತು ದಿನಗಳ ಚಿಕಿತ್ಸೆಯಷ್ಟೇ ನೋವು ಇಳಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಗಳು ತೋರಿಸಿವೆ. ಮತ್ತೆ ರೇಡಿಯೇಷನ್ ಬೇಕಾಗುವುದು ಒಂದೇ ದಿನದವರಲ್ಲಿ ಹೆಚ್ಚು, ಸುಮಾರು ಶೇ. 20. ಹಲವು ದಿನದವರಲ್ಲಿ ಶೇ. 8. ದಿನವೂ ಕೊಡಗಿನಿಂದ ಮೈಸೂರಿಗೆ ಬರಲಾಗದ ಕುಟುಂಬಕ್ಕೆ ಒಂದು ದಿನದ ಆಯ್ಕೆ ದೊಡ್ಡ ಅನುಕೂಲ. ಅವರು ತಾವಾಗಿ ಹೇಳದಿದ್ದರೆ ನೀವೇ ಕೇಳಿ.

ಫಾರ್ಮಸಿಸ್ಟ್_ಮಡಿಕೇರಿ

ಡಾಕ್ಟರ್ ಸರ್ ವಿವರವಾಗಿ ಹೇಳಿದ್ದಾರೆ. ನಾನು ಪ್ಯಾಚ್, ದಾಸ್ತಾನು, ಕಾನೂನು ಇಷ್ಟರ ಬಗ್ಗೆ ಹೇಳುತ್ತೇನೆ.

ಫೆಂಟನಿಲ್ ಪ್ಯಾಚ್ ಕಿಡ್ನಿಗೆ ಸುರಕ್ಷಿತ ನಿಜ. ಆದರೆ ಗಂಟೆಗೆ 25 ಮೈಕ್ರೋಗ್ರಾಂನ ಒಂದು ಪ್ಯಾಚ್ ಎಂದರೆ ದಿನಕ್ಕೆ 60 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು ಮಾರ್ಫಿನ್‌ಗೆ ಸಮ. ಇವರಿಗೆ ಈಗ ಬೇಕಿರುವುದು 15. ಮೊದಲ ಔಷಧವಾಗಿ ಪ್ಯಾಚ್ ಹಾಕಿದರೆ ಉಸಿರು ನಿಲ್ಲುವ ಅಪಾಯವಿದೆ. 12ರ ಪ್ಯಾಚ್ ಇದ್ದರೂ ಅದು ಮೈಗೆ ಹತ್ತಲು 12ರಿಂದ 24 ಗಂಟೆ ಬೇಕು, ಕಿತ್ತ ಮೇಲೂ ಅರ್ಧ ದಿನಕ್ಕಿಂತ ಹೆಚ್ಚು ಹೊತ್ತು ರಕ್ತದಲ್ಲಿರುತ್ತದೆ. ದಿನದಿನವೂ ಏರಿಳಿಯುವ ನೋವಿಗೆ ಅದು ಸರಿಹೊಂದದು. ಮಾರ್ಫಿನ್‌ನಿಂದ ಅಗತ್ಯ ಎಷ್ಟೆಂದು ಗೊತ್ತಾಗಿ, ನೋವು ಒಂದು ಮಟ್ಟಕ್ಕೆ ನಿಂತ ಮೇಲೆ ಕಿಡ್ನಿ ಕಾರಣಕ್ಕೆ ಬದಲಾಯಿಸುವುದಾದರೆ ಅದು ಬೇರೆ ಮಾತು.

ನಮ್ಮ ಜಿಲ್ಲೆಯಲ್ಲಿ ಪ್ಯಾಚ್‌ಗೆ ಇನ್ನೊಂದು ತೊಂದರೆ ಇದೆ. ಮಳೆಗಾಲದಲ್ಲಿ ಕಾಯಿಲೆಯವರನ್ನು ಒಲೆಯ ಪಕ್ಕ ಕೂರಿಸುತ್ತಾರೆ, ಬಿಸಿನೀರಿನ ಚೀಲ ಇಡುತ್ತಾರೆ, ಬೆನ್ನಿಗೆ ಶಾಖ ಕೊಡುತ್ತಾರೆ. ಪ್ಯಾಚ್ ಇರುವ ಜಾಗ ಬಿಸಿಯಾದರೆ ಔಷಧ ಒಳಹೋಗುವ ವೇಗ ಏರುತ್ತದೆ, ಡೋಸ್ ಮೀರಿ ಹೋಗುತ್ತದೆ. ಜೋರು ಜ್ವರ ಬಂದರೂ ಹಾಗೆಯೇ. ಇನ್ನೊಂದು ಕಡೆ, ತೀರಾ ಸೊರಗಿದವರಲ್ಲಿ ಪ್ಯಾಚ್‌ನಿಂದ ರಕ್ತಕ್ಕೆ ಸೇರುವ ಪ್ರಮಾಣವೇ ಕಡಿಮೆಯಾಗುವುದೂ ಉಂಟು. ಬಳಸಿದ ಪ್ಯಾಚ್‌ನಲ್ಲಿ ಮೂರು ದಿನ ಕಳೆದ ಮೇಲೂ ಔಷಧ ಉಳಿದಿರುತ್ತದೆ. ಅಂಟಿನ ಮುಖ ಒಳಗಾಗುವಂತೆ ಮಡಚಿ ಇಟ್ಟು ಆಸ್ಪತ್ರೆಗೇ ಹಿಂದಿರುಗಿಸಿ, ಮಕ್ಕಳ ಕೈಗೆ ಸಿಗಬಾರದು.

ಮಾರ್ಫಿನ್ ಎಲ್ಲ ಔಷಧಿ ಅಂಗಡಿಯಲ್ಲೂ ಸಿಗುವುದಿಲ್ಲ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಕೆಳಗೆ ಹಿಂದೆ ಆಸ್ಪತ್ರೆಗಳು ಬೇರೆ ಬೇರೆ ಇಲಾಖೆಗಳಿಂದ ಹಲವು ಲೈಸೆನ್ಸ್ ತೆಗೆದುಕೊಳ್ಳಬೇಕಿತ್ತು. 2014ರ ತಿದ್ದುಪಡಿಯಲ್ಲಿ ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳನ್ನು "ಅವಶ್ಯಕ ಮಾದಕ ಔಷಧ"ಗಳೆಂದು ಗುರುತಿಸಿ, ರಾಜ್ಯದ ಔಷಧ ನಿಯಂತ್ರಕರ ಒಂದೇ ಮಾನ್ಯತೆ ಸಾಕು ಎಂದು ಮಾಡಿದರು. ಹಾಗೆ ಮಾನ್ಯತೆ ಪಡೆದ ಆಸ್ಪತ್ರೆಯಿಂದಲೇ ನಿಮ್ಮ ರೋಗಿಗೂ ಸಿಕ್ಕಿರಬೇಕು. ಟ್ರಮಡಾಲ್ ಕೂಡ 2018ರಿಂದ ಇದೇ ಕಾಯ್ದೆಯ ಕೆಳಗೆ ಬಂದಿದೆ. ಮಾರ್ಫಿನ್ ಕಾನೂನಿನ ವಸ್ತು, ಟ್ರಮಡಾಲ್ ಮಾಮೂಲಿ ಮಾತ್ರೆ ಎಂದು ಮನೆಯವರು ವ್ಯತ್ಯಾಸ ಮಾಡುವುದಕ್ಕೆ ಅರ್ಥವಿಲ್ಲ.

ರಸ್ತೆಯ ವಿಷಯ. 2018ರ ಆಗಸ್ಟ್‌ನಲ್ಲಿ ಮಡಿಕೇರಿ–ಸಂಪಾಜೆ ರಸ್ತೆ ಕುಸಿದು ಎಷ್ಟು ಕಾಲ ಬಂದ್ ಆಯಿತೆಂದು ಎಲ್ಲರಿಗೂ ಗೊತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾತ್ರೆ ಹತ್ತು ದಿನಕ್ಕೆ ಉಳಿದಿರುವಾಗಲೇ ಮುಂದಿನದನ್ನು ತರಿಸಿ, ಎರಡು ದಿನಕ್ಕೆ ಇಳಿಯುವವರೆಗೆ ಕಾಯಬೇಡಿ. ಮಾರ್ಫಿನ್ ಕೆಲವು ವಾರ ತೆಗೆದುಕೊಂಡವರಿಗೆ ಏಕಾಏಕಿ ನಿಂತರೆ ನೋವು ಮರುಕಳಿಸುವುದಲ್ಲದೆ ಬೆವರು, ಭೇದಿ, ನಡುಕ, ಚಡಪಡಿಕೆ ಶುರುವಾಗುತ್ತದೆ. ತರಲು ಹೋಗುವವರು ರೋಗಿಯ ಡಿಸ್ಚಾರ್ಜ್ ಸಾರಾಂಶ, ಹಳೆಯ ಚೀಟಿ, ರೋಗಿಯ ಮತ್ತು ತಮ್ಮ ಗುರುತಿನ ಚೀಟಿ ಒಯ್ಯಲಿ. ವಿರಾಜಪೇಟೆ ಕಡೆಯಿಂದ ಮಾಕುಟ್ಟ ದಾಟಿ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ಗೆ ಹೋಗಿ ಬರುವವರು ಚೆಕ್‌ಪೋಸ್ಟ್‌ನಲ್ಲಿ ತೋರಿಸಲು ಮಾತ್ರೆಯನ್ನು ಅದರ ಸ್ಟ್ರಿಪ್‌ನಲ್ಲೇ, ಚೀಟಿಯ ಜೊತೆಗೇ ಇಟ್ಟುಕೊಳ್ಳಬೇಕು.

ಮನೆಯಲ್ಲಿ ಬೀಗ ಇರುವ ತಗಡಿನ ಪೆಟ್ಟಿಗೆ ಸಾಕು, ಕೀಲಿ ಒಬ್ಬರ ಹತ್ತಿರ. ಒಂದು ನೋಟ್‌ಬುಕ್‌ನಲ್ಲಿ ತಾರೀಖು, ಗಂಟೆ, ಎಷ್ಟು ಕೊಟ್ಟದ್ದು, ಉಳಿದ ಮಾತ್ರೆ ಎಷ್ಟು ಎಂದು ಬರೆಯಲಿ. ಪ್ರತಿ ಭೇಟಿಯಲ್ಲಿ ನೀವು ಎಣಿಸಿ. ಉಳಿದ ಮಾತ್ರೆಯನ್ನು ಪಕ್ಕದ ಮನೆಯವರ ಸೊಂಟನೋವಿಗೆ ಕೊಡುವುದು ಉಪಕಾರವಲ್ಲ, ಪ್ರಾಣಕ್ಕೇ ಬರಬಹುದು.

ಚಳಿಗೆ, ನಿದ್ದೆಗೆ ಎಂದು ರಾತ್ರಿ ಸ್ವಲ್ಪ ಬ್ರಾಂದಿ ಕೊಡುವ ಪದ್ಧತಿ ಕೆಲವು ಮನೆಗಳಲ್ಲಿದೆ. ಮಾರ್ಫಿನ್ ಜೊತೆ ಅದು ಬೇಡವೇ ಬೇಡ. ನರದ ನೋವಿನ ಗಾಬಪೆಂಟಿನ್, ನಿದ್ದೆ ಮಾತ್ರೆ ಇದ್ದರೂ ವೈದ್ಯರಿಗೆ ಹೇಳಿ, ಮೂರೂ ಸೇರಿ ಉಸಿರಾಟ ತಗ್ಗಿಸುತ್ತವೆ.

ಅಧ್ಯಯನ_ವಿರಾಜಪೇಟೆ

ಮಗನ ಪ್ರಶ್ನೆಗೂ ಚಟದ ಪ್ರಶ್ನೆಗೂ ಸರಿಯಾದ ಉತ್ತರ ಬೇಕು. ಸಮಾಧಾನಕ್ಕೆ ಹೇಳುವ ಮಾತು ಸಾಲದು.

"ಚಟ ಆಗುವುದೇ ಇಲ್ಲ" ಎಂದು ದಶಕಗಳ ಕಾಲ ಹೇಳಿದರು. ಅದಕ್ಕೆ ಆಧಾರ ಎಂದು ತೋರಿಸುತ್ತಿದ್ದದ್ದು 1980ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಗೆ ಬರೆದ ಒಂದು ಪ್ಯಾರಾದ ಪತ್ರ. ಆಸ್ಪತ್ರೆಯಲ್ಲಿ ಇಂಥ ಔಷಧ ಪಡೆದ 11,882 ಜನರಲ್ಲಿ ನಾಲ್ವರಿಗೆ ಮಾತ್ರ ಚಟವಾಯಿತು ಎಂದು ಅದರಲ್ಲಿತ್ತು. ಆಸ್ಪತ್ರೆಯೊಳಗಿನ ಬಳಕೆ ಅದು, ಮನೆಗೆ ಹೋದ ಮೇಲೆ ಏನಾಯಿತು ಎಂದು ನೋಡಿರಲಿಲ್ಲ. 2017ರಲ್ಲಿ ಅದೇ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ, ಈ ಪತ್ರವನ್ನು 608 ಬರಹಗಳು ಉಲ್ಲೇಖಿಸಿವೆ, ಅವುಗಳಲ್ಲಿ ಶೇ. 72 ಅದನ್ನು ಚಟ ಅಪರೂಪ ಎನ್ನುವುದಕ್ಕೆ ಪುರಾವೆಯಾಗಿ ಬಳಸಿವೆ ಎಂದು ತೋರಿಸಿತು. ಅಮೆರಿಕದ ಓಪಿಯಾಯ್ಡ್ ದುರಂತಕ್ಕೆ ಈ ಅಸಡ್ಡೆಯೂ ಕಾರಣ. ಹಾಗಾಗಿ ಕುಟುಂಬಕ್ಕೆ "ಶೂನ್ಯ ಅಪಾಯ" ಎಂದು ಹೇಳಬೇಡಿ. ಚಿಕಿತ್ಸೆ ಮುಗಿದು ವರ್ಷಗಟ್ಟಲೆ ಬದುಕುವವರು, ಮೊದಲೇ ಮದ್ಯದ ಅಥವಾ ಬೇರೆ ಚಟವಿದ್ದವರು, ಇವರಲ್ಲಿ ಅಪಾಯ ನಿಜ. ಅಂಥವರಿಗೂ ನೋವಿನ ಔಷಧ ತಪ್ಪಿಸಬಾರದು, ಒಂದು ವಾರಕ್ಕೆ ಬೇಕಾದಷ್ಟೇ ಕೊಟ್ಟು ಎಣಿಸುತ್ತಾ ಹೋಗಬೇಕು.

ಮನೆಯವರು ಗೊಂದಲ ಮಾಡಿಕೊಳ್ಳುವುದು ಇಲ್ಲಿ. ಔಷಧ ನಿಲ್ಲಿಸಿದಾಗ ಬೆವರು, ನಡುಕ ಬರುವುದು ದೇಹದ ಅವಲಂಬನೆ. ದೀರ್ಘಕಾಲ ಸ್ಟಿರಾಯ್ಡ್ ತೆಗೆದುಕೊಂಡವರಿಗೂ ಏಕಾಏಕಿ ನಿಲ್ಲಿಸಬಾರದು ಎನ್ನುತ್ತೇವಲ್ಲ, ಅಂಥದ್ದೇ. ಡೋಸ್ ಏರಿಸಬೇಕಾಗುವುದು ಒಗ್ಗಿಕೊಂಡಿದ್ದರಿಂದ ಇರಬಹುದು, ಕ್ಯಾನ್ಸರ್ ರೋಗಿಯಲ್ಲಿ ಹೆಚ್ಚಾಗಿ ಗೆಡ್ಡೆ ಬೆಳೆದದ್ದರಿಂದ. ಚಟ ಎಂದರೆ ಹಾನಿ ಗೊತ್ತಿದ್ದೂ, ನೋವಿಲ್ಲದಿದ್ದರೂ ಅದರ ಹಿಂದೆ ಬೀಳುವುದು. ನೋವು ತಡೆಯಲಾರದೆ ಗಡಿಯಾರ ನೋಡುತ್ತಾ ಮಾತ್ರೆ ಕೇಳುವವರಿಗೆ ಡೋಸ್ ಸಾಲುತ್ತಿಲ್ಲ ಅಷ್ಟೇ.

"ಕೊನೆಗಾಲದ ಔಷಧ" ಎಂಬುದಕ್ಕೆ: ಇದು ಸಾವನ್ನು ಹತ್ತಿರ ತರುತ್ತದೆಯೇ ಎಂದು ಹಾಸ್ಪಿಸ್ (ಕೊನೆಗಾಲದ ಆರೈಕೆ) ರೋಗಿಗಳಲ್ಲಿ ನೋಡಿದ್ದಾರೆ. 2006ರಲ್ಲಿ ಪ್ರಕಟವಾದ, 725 ರೋಗಿಗಳ ವಿವರ ನೋಡಿದ ಅಮೆರಿಕದ ಅಧ್ಯಯನದಲ್ಲಿ ಓಪಿಯಾಯ್ಡ್ ಡೋಸಿಗೂ ಬದುಕಿದ ದಿನಗಳಿಗೂ ಇದ್ದ ಸಂಬಂಧ ತೀರಾ ಸಣ್ಣದು. ಯಾವಾಗ ಶುರು ಮಾಡಬೇಕೆಂದು ನಿರ್ಧರಿಸುವುದು ನೋವು. ಉಳಿದಿರುವ ಆಯುಷ್ಯದ ಲೆಕ್ಕ ಅದಕ್ಕೆ ಬೇಕಿಲ್ಲ. ರೇಡಿಯೇಷನ್ ನಂತರ ನೋವು ಇಳಿದರೆ ಹಂತಹಂತವಾಗಿ ತಗ್ಗಿಸಿ ನಿಲ್ಲಿಸುವುದೂ ಉಂಟು, ಇದನ್ನು ಮಗನಿಗೆ ಖಂಡಿತ ಹೇಳಿ.

ಫಲ ಎಷ್ಟು ನಿರೀಕ್ಷಿಸಬಹುದು? ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2017ರ ಅವಲೋಕನದ ಪ್ರಕಾರ ಓಪಿಯಾಯ್ಡ್ ತಡೆದುಕೊಳ್ಳಬಲ್ಲ ಇಪ್ಪತ್ತರಲ್ಲಿ ಸುಮಾರು ಹತ್ತೊಂಬತ್ತು ಜನರ ನೋವು 14 ದಿನದೊಳಗೆ ಸೌಮ್ಯ ಮಟ್ಟಕ್ಕೆ ಇಳಿಯುತ್ತದೆ. ಹತ್ತರಲ್ಲಿ ಒಬ್ಬಿಬ್ಬರಿಗೆ ಅಡ್ಡ ಪರಿಣಾಮದಿಂದ ಔಷಧ ಬದಲಿಸಬೇಕಾಗಬಹುದು. ಆಧಾರವಾದ ಅಧ್ಯಯನಗಳ ಗುಣಮಟ್ಟ ಅಷ್ಟೇನೂ ಚೆನ್ನಾಗಿಲ್ಲ ಎಂದು ಅವರೇ ಹೇಳಿದ್ದಾರೆ. ಇಷ್ಟು ಹಳೆಯ ಔಷಧದ ಮೇಲೆ ಇಷ್ಟು ಕಡಿಮೆ ಒಳ್ಳೆಯ ಸಂಶೋಧನೆ ಇರುವುದು ಬೇಸರದ ವಿಷಯ.

ಹೋಂಕೇರ್_ಗೋಣಿಕೊಪ್ಪ

ಎಲ್ಲರಿಗೂ ಧನ್ಯವಾದ. ವೈದ್ಯರ ಜೊತೆ ಮಾತಾಡಿ 2.5ರಿಂದ ಶುರು ಮಾಡಲು ಒಪ್ಪಿಗೆ ಸಿಕ್ಕಿದೆ. ಮಾತ್ರೆ ಮೀರಿದರೆ ಮನೆಯವರು ಗುರುತಿಸುವುದು ಹೇಗೆ? ಇನ್ನೊಂದು, ನಿನ್ನೆಯಿಂದ ಎರಡೂ ಕಾಲು ಭಾರ, ಏಳುವಾಗ ಮಡಚಿಕೊಳ್ಳುತ್ತವೆ ಅನ್ನುತ್ತಿದ್ದಾರೆ. ಹಿಂದೆ ಕೊಟ್ಟ ಮಾರ್ಫಿನ್‌ನ ಸುಸ್ತೇ ಇರಬಹುದಾ ಡಾಕ್ಟ್ರೇ?

ಪ್ಯಾಲಿಯೇಟಿವ್_ಡಾಕ್ಟರ್_ಮೈಸೂರು

ಕಾಲಿನ ವಿಷಯ ಮೊದಲು. ಇದನ್ನು ಮಾರ್ಫಿನ್ ತಲೆಗೆ ಕಟ್ಟಬೇಡಿ. ಬೆನ್ನುಮೂಳೆಗೆ ಹರಡಿದ ರೋಗಿಗೆ ಕಾಲು ಸೋತರೆ, ಬೇರೆ ಕಾರಣ ಸಾಬೀತಾಗುವವರೆಗೆ ಬೆನ್ನುಹುರಿ ಒತ್ತಿದೆ ಎಂದೇ ತಿಳಿಯಬೇಕು. ಇವತ್ತೇ ಹೊರಡಬೇಕು, ನಾಳೆಯಲ್ಲ. ಚಿಕಿತ್ಸೆ ಶುರುವಾಗುವಾಗ ನಡೆಯುತ್ತಿದ್ದವರು ಹೆಚ್ಚಿನ ಪಾಲು ನಡೆಯುತ್ತಲೇ ಉಳಿಯುತ್ತಾರೆ, ಪೂರ್ತಿ ಸೋತ ಮೇಲೆ ಕಾಲು ಮರಳುವುದು ಅಪರೂಪ. ಮೂತ್ರ ಕಟ್ಟಿದೆಯೇ, ಸೋರುತ್ತಿದೆಯೇ, ಎದೆಯಿಂದ ಅಥವಾ ಹೊಕ್ಕುಳಿಂದ ಕೆಳಗೆ ಸ್ಪರ್ಶ ಕಡಿಮೆಯಾಗಿದೆಯೇ ನೋಡಿ. ಕ್ಯಾನ್ಸರ್ ಆಸ್ಪತ್ರೆಗೆ ಫೋನ್ ಮಾಡಿ "ಬೆನ್ನುಹುರಿ ಒತ್ತಡದ ಅನುಮಾನ, ತುರ್ತು ಎಂಆರ್‌ಐ ಬೇಕು" ಎಂದು ಇದೇ ಮಾತಿನಲ್ಲಿ ಹೇಳಿ. ಹೊರಡುವ ಮೊದಲೇ ಸ್ಟಿರಾಯ್ಡ್ ಆದ ಡೆಕ್ಸಾಮೆಥಾಸೋನ್ 16 ಮಿ.ಗ್ರಾಂ., ಹೊಟ್ಟೆಗೆ ಪ್ಯಾಂಟೊಪ್ರಜೋಲ್ ಜೊತೆ, ಕೊಡಬಹುದೇ ಎಂದು ಅವರನ್ನೇ ಕೇಳಿ. ಸಾಮಾನ್ಯವಾಗಿ ಹೌದೆನ್ನುತ್ತಾರೆ. ಸಕ್ಕರೆ ಕಾಯಿಲೆ ಇದ್ದರೆ ಹೇಳಿ.

ಮಾತ್ರೆ ಮೀರಿದ ಗುರುತು: ಕರೆದರೆ ಎಚ್ಚರವಾಗದ ನಿದ್ದೆ, ಮಾತಿನ ನಡುವೆಯೇ ಜಾರುವ ನಿದ್ದೆ, ಕೈಕಾಲು ಆಗಾಗ ಝಲ್ಲನೆ ಅದುರುವುದು, ಕಣ್ಣಪಾಪೆ ಸೂಜಿಮೊನೆಯಷ್ಟಾಗುವುದು. ಪಾಪೆ ಸಣ್ಣದಾಗುವುದೊಂದೇ ಆದರೆ ಹೆದರಬೇಡಿ, ಸರಿಯಾದ ಡೋಸಿನಲ್ಲೂ ಆಗುತ್ತದೆ. ಉಸಿರು ಪೂರ್ತಿ ಒಂದು ನಿಮಿಷ ಎಣಿಸಲು ಮನೆಯವರಿಗೆ ಕಲಿಸಿ. ಎಂಟಕ್ಕಿಂತ ಕಡಿಮೆ ಇದ್ದು ಎಬ್ಬಿಸಲು ಆಗದಿದ್ದರೆ ಮುಂದಿನ ಡೋಸ್ ಕೊಡಬಾರದು, 108ಕ್ಕೆ ಕರೆ ಮಾಡಿ ನಲೋಕ್ಸೋನ್ (ಮಾರ್ಫಿನ್ ಪ್ರಭಾವ ಇಳಿಸುವ ಔಷಧ) ಇರುವ ಆಸ್ಪತ್ರೆಗೆ ಒಯ್ಯಬೇಕು. ಮೂತ್ರ ಕಡಿಮೆಯಾದ ದಿನ, ವಾಂತಿ ಭೇದಿ ಆದ ದಿನ ಕಿಡ್ನಿ ಇನ್ನಷ್ಟು ಕುಗ್ಗಿರುತ್ತದೆ. ಅಂಥ ದಿನ ಡೋಸ್ ಕೊಡುವ ಮೊದಲು ನಿಮಗೆ ಫೋನ್ ಮಾಡಲಿ.

ಇವತ್ತಿನ ಪ್ರಯಾಣಕ್ಕೆ: ಗಾಡಿ ಹತ್ತುವ ಒಂದು ಗಂಟೆ ಮೊದಲು 2.5 ಕೊಡಿ. ತಿತಿಮತಿ, ಹುಣಸೂರು ದಾರಿಯಲ್ಲಿ ಕುಲುಕಾಟಕ್ಕೆ ನೋವು ಏಳುತ್ತದೆ, ಹೆಚ್ಚುವರಿ ಎರಡು ಡೋಸ್ ಮತ್ತು ಚೀಟಿ ಕೈಯಲ್ಲೇ ಇರಲಿ. ಕೂರಿಸಿಕೊಂಡು ಬರಬೇಡಿ. ಆಂಬುಲೆನ್ಸ್‌ನಲ್ಲಿ ಮಟ್ಟವಾಗಿ ಮಲಗಿಸಿ, ಹೊರಳಿಸುವಾಗ ತಲೆ, ಬೆನ್ನು, ಸೊಂಟ ಒಂದೇ ಸಮನಾಗಿ ತಿರುಗಬೇಕು, ಮೂವರು ಹಿಡಿಯಬೇಕು. ಹಳೆಯ ಬೋನ್ ಸ್ಕ್ಯಾನ್, ಕೊನೆಯ ಕ್ರಿಯಾಟಿನಿನ್ ರಿಪೋರ್ಟ್ ಮರೆಯಬೇಡಿ, ಕಾಲು ಯಾವ ಹೊತ್ತಿಗೆ ಸೋತಿತು ಎಂಬುದನ್ನು ಗಂಟೆ ಸಮೇತ ಬರೆದು ಕಳಿಸಿ.